ಸೊನ್ನದಲ್ಲಿ ಎರಡು ಮಗರ್

ಹೆಂಡತಿಯ ಕಣ್ಣು ಪೂರ್ತಿ ಹೋಗುವುದರೊಳಗೆ ಅವಳಿಗೆ ಇಡೀ ಜಗತ್ತು ತೋರಿಸಿಯೇ ತೀರುತ್ತೇನೆಂದು ಆಳಂದದ ತೊಗರಿ ಅಡತಿ ವ್ಯಾಪಾರಿ ಬುರಾನುದ್ದೀನ ಶುಕ್ರವಾರದ ನಮಾಜು ಮುಗಿಸಿ ಬಂದವನೇ ಘೋಷಿಸಿದ. ತಲೆಯ ಮೇಲಿನ ಟೋಪಿ ಇನ್ನೂ ತೆಗೆದಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಮಹಾಶಯ ಕುಲಸುಮಬಿಯನ್ನು ಕರೆದುಕೊಂಡು ಹೋದ ಅತಿ ದೂರದ ಊರೆಂದರೆ ಜೇವರ್ಗಿ. ಅದೂ ಮಗಳು ನೂರೀನಳ ಮದುವೆ ಮಾತುಕತೆಗೆ.

"ಜಗತ್ತು ಎಲ್ಲಿಂದ ಶುರು ಮಾಡ್ತೀರಿ?" ಎಂದಳು ಕುಲಸುಮಬಿ.

"ಸೊನ್ನದಿಂದ. ಭೀಮಾ ನದಿ, ಬ್ಯಾರೇಜು, ಹಕ್ಕಿ, ಗಾಳಿ. ಕಾಶ್ಮೀರದಾಗ ಇದಕ್ಕಿಂತ ಹೆಚ್ಚೇನದ?"

"ಮುಗಿಯೂದೂ ಸೊನ್ನಕ್ಕ ಇರಬೇಕು."

ನಗುವ ಮಾತೇನೋ ಹೌದು, ಆದರೆ ಆ ಮನೆಯಲ್ಲಿ ಎರಡು ವಾರದಿಂದ ಯಾರೂ ನಕ್ಕಿರಲಿಲ್ಲ. ಕಣ್ಣಿನ ನರಗಳು ಒಣಗುತ್ತಿವೆ, ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಎಂದು ಕಲಬುರಗಿಯ ಡಾಕ್ಟರು ಹೇಳಿ ಕಳಿಸಿದ್ದರು. ಅಕ್ಕಪಕ್ಕದ ನೋಟ ಆಗಲೇ ಹೋಗಿತ್ತು. ಕೊಳವೆಯೊಳಗಿಂದ ಇಣುಕಿದ ಹಾಗೆ ನೇರ ಎದುರಿಗಿದ್ದದ್ದಷ್ಟೇ ಅವಳಿಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅವಳು ಕಣ್ಣು ಮುಚ್ಚಿಕೊಂಡು, ಒಲೆಯಿಂದ ನೀರಿನ ಕೊಡದವರೆಗೆ ಹೆಜ್ಜೆ ಎಣಿಸುತ್ತ ನಡೆಯುವುದನ್ನು ಬುರಾನುದ್ದೀನ ಬಾಗಿಲ ಸಂದಿಯಿಂದ ಕಂಡ. ಮುಂದೆ ಬರಲಿರುವ ಕತ್ತಲೆಗೆ ಆಕೆ ಈಗಲೇ ರೂಢಿ ಮಾಡಿಕೊಳ್ಳುತ್ತಿದ್ದಳು. ಆತ ಅಂಗಡಿಗೆ ಹೋಗಿ ತೊಗರಿ ಚೀಲಗಳ ಹಿಂದೆ ಕುಳಿತು ಅತ್ತ. ಹಮಾಲರು ಧೂಳು ಬಿದ್ದಿರಬೇಕು ಎಂದುಕೊಂಡರು.

ಕಣ್ಣೀರು ಒರೆಸಿಕೊಂಡಾಗ ಹುಟ್ಟಿದ್ದೇ ಈ ಪ್ರತಿಜ್ಞೆ. ಕಣ್ಣು ಹೋದ ಮೇಲೂ ಅವಳ ಮನಸ್ಸಿನಲ್ಲಿ ಒಂದು ಚಿತ್ರ ಉಳಿಯಬೇಕು, ಅದು ತಾನು ತೋರಿಸಿದ್ದಾಗಿರಬೇಕು. ಆತ ಕೇಳಿದ್ದು ಇಷ್ಟೇ.

ಈಗ ಬುರಾನುದ್ದೀನನ ಒಂದು ದೌರ್ಬಲ್ಯ ಹೇಳಬೇಕು. ಅವನಿಗೆ 'ಮಗರ್' ಎಂಬ ಶಬ್ದ ಕೇಳಿದರೆ ಮೈ ಉರಿಯುತ್ತಿತ್ತು. ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲಿ ಮಗರ್ ಎಂದರೆ 'ಆದರೆ'. ಮಾಲು ಛಲೋ ಅದ, ಮಗರ್ ಹಸಿ ಅದ. ಮಾಲು ಒಣಗ್ಯಾದ, ಮಗರ್ ಕಾಳು ಸಣ್ಣದು. ಅಡತಿ ಅಂಗಡಿಯಲ್ಲಿ ಕುಳಿತು ನಲವತ್ತು ವರ್ಷ ಈ ಶಬ್ದ ಕೇಳಿ ಕೇಳಿ ಅವನ ಕಿವಿ ತೂತಾಗಿದ್ದವು. ಯಾರಾದರೂ 'ಮ' ಎಂದ ಕೂಡಲೇ ಆತ ಎದ್ದು ನಿಲ್ಲುತ್ತಿದ್ದ.

ಸೋಮವಾರ ಬೆಳಿಗ್ಗೆ ಹಳೆಯ ಕಾರು ಅಫಜಲಪುರ ದಾಟಿ ಸೊನ್ನ ಮುಟ್ಟಿತು. ಬ್ಯಾರೇಜಿನಿಂದ ಸ್ವಲ್ಪ ಕೆಳಗೆ, ದಂಡೆಯಲ್ಲಿ ಮೀನುಗಾರ ಅಂಬಾರಾಯ ಬಲೆ ಹೆಣೆಯುತ್ತ ಕುಳಿತಿದ್ದ. ಟೋಪಿ, ಗಡ್ಡ, ಬುರ್ಕಾ ನೋಡಿದವನು ಬಂದವರಿಗೆ ಅವರ ಮಾತಿನಲ್ಲೇ ಹೇಳಿದರೆ ಮರ್ಯಾದೆ ಎಂದು ತನಗೆ ಬರುವಷ್ಟು ಉರ್ದು ತೆಗೆದ.

"ಪಾನಿ ಅಚ್ಛಾ ಹೈ ಸಾಬ. ಮಗರ್ ಹೈ."

ಬುರಾನುದ್ದೀನ ತಿರುಗಿ ನಿಂತ. "ಮಗರ್ ಏನು? ಮುಂದ ಹೇಳು."

"ಮುಂದ ಏನ್ ಹೇಳೂದ್ರಿ ಸಾಬ? ಮಗರ್, ಅಷ್ಟ."

"ನೀರು ಛಲೋ ಅದ ಅಂತೀ. ಮತ್ತ ಮಗರ್ ಅಂತೀ. ನಿಂದು ಇನ್ನ ಎಷ್ಟು ಮಗರ್ ಅದಾವ?"

ಅಂಬಾರಾಯ ಬಲೆ ಬಿಟ್ಟು ಬೆರಳು ಮಡಚಿದ. "ಎರಡು ಅದಾವ್ರಿ. ಒಂದು ಸಣ್ಣದು. ಒಂದು ಭಾಳ ದೊಡ್ಡದು."

"ಎರಡೂ ನಿನ್ನ ಹಂತೇಕ ಇಟ್ಕೋ. ಹೆಂಡತಿ ಜೋಡಿ ನದಿ ನೋಡಾಕ ಬಂದೇನಿ, ತೊಗರಿ ಮಾರಾಕ ಬಂದಿಲ್ಲ."

ಅಂಬಾರಾಯನಿಗೆ ಬೆರಗಾಯಿತು. ಇಷ್ಟು ಧೈರ್ಯದ ಮನುಷ್ಯನನ್ನು ಆತ ಆ ದಂಡೆಯಲ್ಲಿ ಕಂಡಿರಲಿಲ್ಲ. "ಅವನೌನ, ಗಟ್ಟಿ ಗಂಡಸು" ಎಂದುಕೊಂಡು, ಯಾವುದಕ್ಕೂ ಇರಲಿ ಎಂದು ದೋಣಿಯ ಹುಟ್ಟು ಕೈಗೆ ತೆಗೆದುಕೊಂಡು ದೂರದಿಂದ ಹಿಂಬಾಲಿಸಿದ.

ನೀರಿನಂಚಿನಲ್ಲಿ ಒಂದು ಚಪ್ಪಟೆ ಕಲ್ಲು. ಅದರಾಚೆ ಹತ್ತು ಹೆಜ್ಜೆಗೆ ಕೆಸರು ಮೆತ್ತಿದ ಒಂದು ದಿಮ್ಮಿ. ಬುರಾನುದ್ದೀನ ಹೆಂಡತಿಯ ಕೈಹಿಡಿದು ಆ ಕಲ್ಲಿನ ಮೇಲೆ ಕೂಡಿಸಿದ. ನೂರೀನಳಿಗೆ ಫೋಟೋ ಕಳಿಸಬೇಕಿತ್ತು. ನದಿಯೂ ಬರಬೇಕು, ಬ್ಯಾರೇಜೂ ಬರಬೇಕು, ಹೆಂಡತಿಯೂ ಬರಬೇಕು. ಆದ್ದರಿಂದ ಅವಳನ್ನು ನದಿಗೆ ಬೆನ್ನು ಮಾಡಿ ಕೂಡಿಸಿ, ತಾನು ದಂಡೆಯ ಕಡೆ ಏಳೆಂಟು ಹೆಜ್ಜೆ ಹಿಂದೆ ಸರಿದು ಮೊಬೈಲು ಎತ್ತಿದ.

"ನನ್ನ ಕಡಿ ನೋಡು, ಕುಲಸುಮ. ಬ್ಯಾರೆ ಎಲ್ಲೂ ನೋಡಬ್ಯಾಡ."

"ನಿಮ್ಮನ್ನ ನೋಡಾಕತ್ತೇನಿ. ಬ್ಯಾರೆ ಕಡಿ ಕಾಣಬೇಕಲ್ಲ."

ಮೊಬೈಲಿನ ಪರದೆಯಲ್ಲಿ ನದಿ ಬಂತು, ಬ್ಯಾರೇಜು ಬಂತು, ಮೂವತ್ತೊಂದು ವರ್ಷದಲ್ಲಿ ಎಂದೂ ಕಾಣದಷ್ಟು ಚೆಂದದ ಹೆಂಡತಿ ಬಂದಳು. ಅವಳ ಹೆಗಲ ಹಿಂದೆ ದಿಮ್ಮಿಯೂ ಬಂತು. ದಿಮ್ಮಿ ಬಾಯಿ ತೆರೆಯಿತು.

ಬಾಯೊಳಗೆ ಹಳದಿ ಬಣ್ಣವಿತ್ತು, ಹಲ್ಲುಗಳಿದ್ದವು. ಆ ಕ್ಷಣ ಬುರಾನುದ್ದೀನನ ತಲೆಯಲ್ಲಿ ಬೆಳಕು ಹತ್ತಿತು. ಗಡಿಯಾಚೆಯ ಮರಾಠಿಯಲ್ಲಾಗಲಿ, ತನ್ನದೇ ಉರ್ದುವಿನಲ್ಲಾಗಲಿ, ಮಗರ್ ಎಂದರೆ ಮೊಸಳೆ ಕೂಡ ಹೌದು. ಒಂದು ಸಣ್ಣದು. ಒಂದು ಭಾಳ ದೊಡ್ಡದು.

ಅವನ ಬುದ್ಧಿ ಹೆಂಡತಿಯ ಕಡೆ ಓಡು ಎಂದಿತು. ಕಾಲು ಕೇಳಲಿಲ್ಲ. ಮೊಬೈಲು ಕೆಸರಿಗೆ, ಎಡಗಾಲಿನ ಚಪ್ಪಲಿ ಮರಳಿಗೆ, ಟೋಪಿ ಜಾಲಿ ಕಂಟಿಗೆ ಅರ್ಪಿತವಾದವು. ಅರವತ್ತರ ಹತ್ತಿರದ, ಮಂಡಿನೋವಿನ, ಮೆಟ್ಟಿಲು ಹತ್ತಲು ಅಲ್ಲಾಹುವನ್ನು ಮೂರು ಸಲ ಕರೆಯುವ ಮನುಷ್ಯ ಆ ದಂಡೆಯನ್ನು ಒಂದೇ ಉಸಿರಿಗೆ ಹತ್ತಿದ. ಹಿಂತಿರುಗಿ ನೋಡಿದ್ದು ಕಾರಿನ ಬಾಗಿಲು ಹಿಡಿದ ಮೇಲೆ.

ಕೆಳಗೆ ಅಂಬಾರಾಯ ಹುಟ್ಟಿನಿಂದ ಕಲ್ಲು ಬಡಿಯುತ್ತ "ಹೋಗಲೇ, ಹೋಗು" ಎಂದು ಗದರಿಸುತ್ತಿದ್ದ. ಬಿಸಿಲು ಕಾಯುತ್ತಿದ್ದ ಮೊಸಳೆಗೆ ಈ ಗದ್ದಲದಿಂದ ಬೇಸರ ಬಂದಿರಬೇಕು. ಬಾಯಿ ಮುಚ್ಚಿಕೊಂಡು ನೀರಿಗೆ ಜಾರಿತು. ಅಂಬಾರಾಯ ಹುಟ್ಟಿನ ಇನ್ನೊಂದು ತುದಿ ಹಿಡಿಸಿ ಕುಲಸುಮಬಿಯನ್ನು ನಿಧಾನಕ್ಕೆ ಮೇಲೆ ಕರೆತಂದ.

"ನಾ ಮೊದಲ ಹೇಳಿದ್ನಲ್ಲರಿ ಸಾಬ, ಮಗರ್ ಹೈ ಅಂತ. ಕನ್ನಡದಾಗ ಮೊಸಳಿ ಅಂದ್ರ ನಿಮಗ ತಿಳೀತದೋ ಇಲ್ಲೋ ಅಂತ ಉರ್ದುದಾಗ ಹೇಳಿದೆ."

ಬುರಾನುದ್ದೀನ ತಲೆ ತಗ್ಗಿಸಿದ. ನಲವತ್ತು ವರ್ಷದಿಂದ ಆಳಂದದ ಪೇಟೆಯಲ್ಲಿ ಆತ ಜಗಳಾಡುತ್ತಿದ್ದದ್ದೇ ಕನ್ನಡದಲ್ಲಿ.

ಕಾರು ಹೊರಟಿತು. ಆತ ಮನಸ್ಸಿನಲ್ಲಿ ಸಮಜಾಯಿಷಿ ಹುಡುಕುತ್ತಿದ್ದ. ಕೋಲು ತರಲು ಓಡಿದೆ ಎನ್ನಲೇ? ಜನ ಕರೆಯಲು? ಅವಳಿಗೆ ಹೇಗೂ ಅರೆಗಣ್ಣು, ಬಹುಶಃ ಏನೂ ಕಂಡಿರಲಿಕ್ಕಿಲ್ಲ ಎಂಬ ಆಸೆ ಹುಟ್ಟಿತು. ಹೆಂಡತಿಯ ಕುರುಡನ್ನು ನೆಚ್ಚಿಕೊಂಡೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯೂ ಆಯಿತು. ಅಫಜಲಪುರದ ಬಸ್‌ಸ್ಟ್ಯಾಂಡಿನ ಎದುರು ಚಹಾ ಹೇಳಿ, ಕಪ್ಪು ಅವಳ ಕೈಗೆ ಕೊಟ್ಟು ಮೆಲ್ಲಗೆ ಕೇಳಿದ.

"ಕುಲಸುಮ, ಅಲ್ಲಿ ನಿನಗ ಮೊಸಳಿ ಕಾಣಿಸ್ತೇನು?"

"ಇಲ್ರಿ. ಹಿಂದ ಇತ್ತಲ್ಲ."

ಆತನಿಗೆ ಉಸಿರು ಬಂತು. "ನದಿ?"

"ಅದೂ ಹಿಂದ. ನೀವ ಬೆನ್ನ ಮಾಡಿ ಕೂಡಿಸಿದ್ರಿ."

"ಹಂಗಾದ್ರ ಅಷ್ಟು ದೂರ ಹೋಗಿ ಏನೂ ಕಾಣಲಿಲ್ಲಂದಂಗಾಯ್ತು."

"ಯಾಕ ಕಾಣಲಿಲ್ಲ? ಎದುರಿಗಿದ್ದದ್ದು ಸ್ವಚ್ಛ ಕಂಡಿತು. ಮೊದಲ ನಿಮ್ಮ ಮಾರಿ ಇತ್ತು. ಆಮ್ಯಾಲ ನಿಮ್ಮ ಬೆನ್ನು. ದಂಡಿ ಹತ್ತೂತನಾ ನೋಡಿದೆ."

ಬುರಾನುದ್ದೀನ ಚಹಾ ಕೆಳಗಿಟ್ಟ. ಮತ್ತೆ ಎತ್ತಿಕೊಂಡು ಹೇಳಿದ: "ಮುಂದಿನ ವಾರ ಬ್ಯಾರೆ ಊರಿಗಿ ಹೋಗೂಣು. ಇದಕ್ಕಿಂತ ಛಲೋದು ತೋರಸ್ತೇನಿ."

ಕುಲಸುಮಬಿ ತಟ್ಟೆಗಾಗಿ ತಡಕಾಡಿದಳು. ಸಿಕ್ಕ ಮೇಲೆ ಚಹಾ ಸುರುವಿಕೊಂಡಳು.

"ಎಲ್ಲೂ ಬ್ಯಾಡ್ರಿ. ದಿನಾ ಮುಂಜಾನೆ ಒಂದೀಟು ಹೊತ್ತು ನನ್ನ ಎದುರಿಗೆ ಬಂದು ಕೂಡ್ರಿ. ಆರು ತಿಂಗಳದಾಗ ನನ್ನ ಕಣ್ಣಾಗಿನ ಆ ಬೆನ್ನು ಹೋಗಿ ನಿಮ್ಮ ಮಾರಿ ಬರ್ತದೋ ಇಲ್ಲೋ, ನೋಡೂಣು."