ನನ್ನ ಕಣ್ಣು ಹೋದ ಸುದ್ದಿ

ನನ್ನ ಬಗ್ಗೆ ಊರಿಗೆಲ್ಲ ಗೊತ್ತಿರುವ ಸುದ್ದಿ ನನಗೆ ಗೊತ್ತಾಗುವುದು ಕಟ್ಟಕಡೆಗೆ. ನನಗೆ ಗಂಡು ಗೊತ್ತಾಗಿದೆ ಅಂತ ನನಗೆ ಮೊದಲು ಹೇಳಿದವರು ಹಾಲು ಹಾಕುವವರು. ಹಾಗಾಗಿ ನನ್ನ ಎರಡೂ ಕಣ್ಣು ಹೋಗಿವೆ ಅನ್ನುವುದು ಬಸ್ ಸ್ಟ್ಯಾಂಡಿನಲ್ಲಿ ತಿಳಿದಾಗ ಬೇಜಾರಾಯಿತೇ ಹೊರತು ಆಶ್ಚರ್ಯ ಆಗಲಿಲ್ಲ.

ಸಾಗರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಒಂಬತ್ತು ವರ್ಷ ಕಾರು ಕಲಿಸಿದೆ. ಹೊಸನಗರದಲ್ಲಿ ಹೊಸದಾಗಿ ಸ್ಕೂಲು ತೆರೆದವರೊಬ್ಬರು ಹೆಂಗಸರಿಗೇ ಒಂದು ಬ್ಯಾಚು ಮಾಡುತ್ತೇವೆ, ನೀವೇ ನೋಡಿಕೊಳ್ಳಿ ಅಂದರು. ಹೂಂ ಅಂದೆ. ಹಳೇ ಯಜಮಾನರಿಗೆ ಹೇಳಿದಾಗ ಅವರು ಮಾತಾಡಲಿಲ್ಲ. ಅನುಭವ ಪತ್ರ ಕೇಳಿದರೆ "ನೋಡೋಣ" ಅಂದರು. ನಾನು ಬಿಟ್ಟ ಮೇಲೆ ಅವರು ಮಾತಾಡಲು ಶುರು ಮಾಡಿದರು, ನನ್ನೊಬ್ಬಳನ್ನು ಬಿಟ್ಟು ಉಳಿದ ಎಲ್ಲರ ಹತ್ತಿರ.

ರಸ್ತೆ ದಾಟಿಸಿದವರು

ಸಾಗರದ ಬಸ್ ಸ್ಟ್ಯಾಂಡಿನ ಎದುರು ನಿಂತಿದ್ದೆ. ಯಾರೋ ಬಂದು ಗಟ್ಟಿಯಾಗಿ ತೋಳು ಹಿಡಿದರು. ನೋಡಿದರೆ ನನ್ನ ಹತ್ತಿರವೇ ಕಾರು ಕಲಿತ, ಜೋಗದ ಕಡೆಯ ಒಬ್ಬರು.

"ಬನ್ನಿ ಮೇಡಂ, ನಾನು ದಾಟಿಸ್ತೀನಿ. ನಿಧಾನ, ಇಲ್ಲೊಂದು ಮೆಟ್ಲಿದೆ."

ಮೆಟ್ಟಿಲು ಇರುವುದು ನನಗೂ ಗೊತ್ತಿತ್ತು. "ಎಂತ ಆಯ್ತು ಮಾರಾಯ್ತಿ?" ಅಂದೆ.

"ನೀವು ಹೇಳ್ದಿದ್ರೂ ಗೊತ್ತಾಯ್ತು ಮೇಡಂ. ಸರ್ ಎಲ್ಲಾ ಹೇಳಿದ್ರು. ಪಾಪ, ಕಣ್ಣು ಪೂರ್ತಿ ಹೋಯ್ತಂತಲ್ಲ, ಅದಕ್ಕೇ ಕೆಲ್ಸದಿಂದ ತೆಗ್ದಿದ್ದಂತಲ್ಲ?" ಅವರ ಕಣ್ಣಲ್ಲಿ ನೀರೇ ಬಂದಿತ್ತು. "ಈಗ ಎಷ್ಟು ಕಾಣ್ತದೆ ಮೇಡಂ?"

"ಅಲ್ಲಿ ಹೊರಡ್ತಾ ಇರೋದು ನಿಮ್ಮ ಜೋಗದ ಬಸ್ಸು" ಅಂದೆ. "ಅಷ್ಟು ಕಾಣ್ತದೆ."

ತೋಳು ಬಿಟ್ಟು ಓಡಿದರು. ಬಸ್ಸು ಸಿಗಲಿಲ್ಲ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಅಷ್ಟೂ ಹೊತ್ತು ಅವರಿಗೆ ಜೊತೆಯಾಗಿ ಕೂತು ಸಮಾಧಾನ ಮಾಡಿದವಳು ಕಣ್ಣಿಲ್ಲದ ನಾನೇ.

ಎಷ್ಟು ಬೆರಳು?

ನಗು ಬಂದದ್ದು ಅವತ್ತೊಂದೇ ದಿನ. ಮಾರನೇ ದಿನ ಹೊಸನಗರಕ್ಕೆ ಹೋದರೆ ಹೊಸ ಯಜಮಾನರು ಬಾಗಿಲಲ್ಲೇ ನಿಂತು ಬಲಗೈ ಎತ್ತಿದರು. ನಮಸ್ಕಾರ ಅಂದುಕೊಂಡು ನಾನೂ ಕೈ ಎತ್ತಿದೆ.

"ಅಲ್ಲ ಮೇಡಂ, ಎಷ್ಟು ಬೆರಳು?"

"ಮೂರು. ನಡುವಿನ ಬೆರಳಿಗೆ ಬೆಳಗ್ಗಿನ ಚಟ್ನಿ ಹತ್ತಿದೆ."

ಅವರು ಬೆರಳು ನೋಡಿಕೊಂಡು ಒರೆಸಿಕೊಂಡರು. ಆದರೂ ಮುಖ ತಿಳಿಯಾಗಲಿಲ್ಲ. ಹಳೇ ಯಜಮಾನರು ಅವರಿಗೂ ಸುದ್ದಿ ಮುಟ್ಟಿಸಿದ್ದರು. "ನಂಗೆ ನಂಬಿಕೆ ಇದೆ. ಆದ್ರೆ ಕಲಿಯೋಕೆ ಬರೋರು ಹೆದರ್ತಾರಲ್ಲ? ಇದೊಂದು ಇತ್ಯರ್ಥ ಆಗೋವರೆಗೆ ಸ್ಟೇರಿಂಗ್ ಬೇಡ. ಒಳಗೆ ಕೂತು ರಸ್ತೆ ಚಿಹ್ನೆಗಳ ಪಾಠ ಮಾಡಿ."

ಆ ರಾತ್ರಿ ಊಟ ಸೇರಲಿಲ್ಲ. ನನಗೆ ಬರುವ ಕೆಲಸ ಇದೊಂದೇ. ಕಣ್ಣು ಕಾಣದ ಡ್ರೈವಿಂಗ್ ಮೇಡಂ ಅನ್ನುವ ಹೆಸರು ಒಮ್ಮೆ ಅಂಟಿಕೊಂಡರೆ ಮೂರು ತಾಲೂಕಿನಲ್ಲಿ ಯಾರೂ ನನ್ನ ಪಕ್ಕ ಕೂರುವುದಿಲ್ಲ.

ವಾರಗಟ್ಟಲೆ ಒಳಗೇ ಕೂತು ಪಾಠ ಮಾಡಿದೆ. ಮೊದಲ ದಿನ ಬಂದ ಹೆಂಗಸು ಗೋಡೆಯ ಪಟ ನೋಡಿ, ನನ್ನನ್ನು ನೋಡಿ, ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಎಲ್ಲಾ ಬಾಯಿಪಾಠ ಮಾಡ್ಕೊಂಡಿದಾರೆ, ಪಾಪ."

ಠಾಣೆಯಲ್ಲಿ

ಪೊಲೀಸರಿಗೆ ದೂರು ಕೊಡೋಣ ಅಂತ ಸ್ಕೂಟಿ ಹತ್ತಿ ಹೋದೆ. ಅಲ್ಲಿದ್ದ ಹಿರಿಯ ಪೇದೆ ಪೂರ್ತಿ ಕೇಳಿದರು. ಒಳ್ಳೆಯ ಮನುಷ್ಯ, ಟೀ ತರಿಸಿಕೊಟ್ಟರು.

"ನೋಡಿ ಮೇಡಂ, ಮಾನಹಾನಿಗೆ ನಾವು ಹಂಗೆಲ್ಲ ನೇರ ಎಫ್ಐಆರ್ ಹಾಕಕ್ಕೆ ಬರಲ್ಲ. ನೀವೊಬ್ರು ವಕೀಲರನ್ನ ನೋಡಿ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನೀವೇ ದೂರು ಹಾಕ್ಬೇಕು. ಧೈರ್ಯವಾಗಿರಿ. ನಿಮ್ಮ ಕಣ್ಣು ಸರಿ ಇದೆ ಅಂತ ಯಾರಿಗಾದ್ರೂ ಗೊತ್ತಾಗ್ತದೆ, ಅದಕ್ಕೆ ತನಿಖೆ ಯಾಕೆ ಬೇಕು?"

ಆ ಒಂದು ಮಾತಿಗೆ ಜೀವ ಬಂದಂತಾಯಿತು. ಕೈಮುಗಿದು ಹೊರಗೆ ಬಂದು ಸ್ಕೂಟಿಗೆ ಕೀಲಿ ಹಾಕಿದೆ. ಹಿಂದಿನಿಂದ ಅವರ ದನಿ ಕೇಳಿತು:

"ಏಯ್, ಮೇಡಂ ಗಾಡಿ ತೆಗೀತಾರೆ. ಜೀಪು ಸ್ವಲ್ಪ ಹಿಂದಕ್ಕೆ ತಗೊಳ್ರೋ!"

ವಕೀಲರು, ಆಮೇಲೆ ಡಾಕ್ಟರು

ಸಾಗರದಲ್ಲಿ ನಾನು ನೋಡಿದ ಇಬ್ಬರು ವಕೀಲರೂ ಅದೇ ಸ್ಕೂಲಿನಲ್ಲಿ ಕಾರು ಕಲಿತವರು. "ಗುರುಗಳಿಗೇ ನೋಟಿಸ್ ಕೊಡೋದು ಹೆಂಗೆ ಮೇಡಂ?" ಅಂದರು ಒಬ್ಬರು. "ನಿಮಗೆ ಕ್ಲಚ್ಚು ಬಿಡೋದು ಕಲಿಸಿದ್ದು ನಾನಲ್ವಾ ಸರ್?" ಅಂದೆ. "ಅದಕ್ಕೇ ನಿಮ್ಮ ವಿರುದ್ಧವೂ ಕೇಸು ಹಿಡಿಯಲ್ಲ" ಅಂದರು.

ಕೊನೆಗೆ ತೀರ್ಥಹಳ್ಳಿಯಲ್ಲಿ ಒಬ್ಬರು ಸಿಕ್ಕರು. ಎಪ್ಪತ್ತರ ಹತ್ತಿರದವರು, ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸದವರು. ಅವರು ಬಿಡಿಸಿ ಹೇಳಿದರು: "ಮೊದ್ಲು ನೋಟಿಸ್. ಹೇಳಿದ್ದು ಸುಳ್ಳು ಅಂತ ಬರೆದುಕೊಡಿ, ಇನ್ನು ಹೇಳ್ಬೇಡಿ ಅಂತ. ಬಗ್ಗದಿದ್ರೆ ಸಿವಿಲ್ ದಾವೆ ಹಾಕಿ ತಡೆಯಾಜ್ಞೆ, ಪರಿಹಾರ ಕೇಳಬಹುದು. ಕ್ರಿಮಿನಲ್ ದೂರು ಬೇರೆ ಇದೆ. ಆದ್ರೆ ಏನು ಹೇಳಿದ್ರು, ಯಾರ ಹತ್ರ ಹೇಳಿದ್ರು, ಅದು ನಂಗೆ ಬೇಕು. ನಿಮ್ಮನ್ನ ನಿಮ್ಮ ಮುಂದೇ ಬೈದ್ರೆ ಅದು ಬರೀ ಬೈಗುಳ. ಮೂರನೆಯವರಿಗೆ ಹೇಳಿದ್ರೆ ಮಾನಹಾನಿ. ಮತ್ತೆ, ಕಣ್ಣಿನ ಸರ್ಟಿಫಿಕೇಟ್ ತಗೊಂಡ್ ಬನ್ನಿ."

ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಸಿಟ್ಟಿನಲ್ಲಿದ್ದೆನಲ್ಲ, ದೊಡ್ಡದರಿಂದ ಸಣ್ಣದರವರೆಗೆ ಒಂದೇ ಉಸಿರಿಗೆ ಓದಿದೆ. ನಿಲ್ಲದೆ, ಅದರ ಕೆಳಗೆ ಮೂಲೆಯಲ್ಲಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಹೆಸರನ್ನೂ ಓದಿದೆ.

ಡಾಕ್ಟರು ಎದ್ದು ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. "ಹೌದಲ್ರೀ! ಹನ್ನೆರಡು ವರ್ಷದಿಂದ ಇದನ್ನ ಗೆರೆ ಅಂದ್ಕೊಂಡಿದ್ದೆ."

ಸಾಕ್ಷಿ

ಸಾಕ್ಷಿ ಹುಡುಕುವುದು ಕಷ್ಟವಾಯಿತು. ಕೇಳಿಸಿಕೊಂಡವರು ಬೇಕಾದಷ್ಟು, ಹೇಳುವವರು ಇಲ್ಲ. ಒಬ್ಬರು, "ಬರ್ತೀನಿ, ಆದ್ರೆ ಲೈಸೆನ್ಸ್ ಕೈಗೆ ಸಿಕ್ಕಿದ ಮೇಲೆ" ಅಂದರು. ಇನ್ನೊಬ್ಬರು, "ನಾನು ಕೇಳಿದ್ದು ಹೌದು, ಆದ್ರೆ ನಂಬ್ಲಿಲ್ಲ. ನಂಬದೇ ಇದ್ರೆ ಲೆಕ್ಕಕ್ಕೆ ಬರ್ತದಾ?" ಅಂತ ನನ್ನನ್ನೇ ಕೇಳಿದರು. ಜೋಗದವರು ಮಾತ್ರ, "ನಾನು ಹೇಳ್ತೀನಿ ಮೇಡಂ, ಆ ಸುದ್ದಿ ನಂಬಿ ನಂದೇ ಬಸ್ಸು ತಪ್ಪಿತು" ಅಂದರು.

ಆಮೇಲೆ ಹೊಸ ಯಜಮಾನರು ಸಂಕೋಚದಿಂದ ಹತ್ತಿರ ಬಂದರು. "ಮೇಡಂ, ನಿಮ್ಮ ಹಳೇ ಯಜಮಾನರು ನಂಗೆ ಸುದ್ದಿ ಹೇಳಿದ್ದು ಫೋನ್ ಮಾಡಿ ಅಲ್ಲ. ವಾಟ್ಸಾಪಲ್ಲಿ ಮಾತಾಡಿ ಕಳ್ಸಿದ್ರು. ಇನ್ನೂ ಇದೆ."

ಇಬ್ಬರೂ ತೀರ್ಥಹಳ್ಳಿಗೆ ಹೋದೆವು. ವಕೀಲರು ಫೋನನ್ನು ಮೇಜಿನ ಮೇಲಿಟ್ಟು, "ಇದನ್ನ ಯಾವ ಕಾರಣಕ್ಕೂ ಅಳಿಸ್ಬೇಡಿ" ಅಂದು ಕೇಳಲು ಕೂತರು. ಹಳೇ ಯಜಮಾನರ ಗಟ್ಟಿ ದನಿ: "ಆಕೆನ್ನ ಇಟ್ಕೋಬೇಡಿ ಮಾರಾಯ್ರೆ. ಕಣ್ಣು ಒಂಚೂರೂ ಕಾಣಲ್ಲ. ಎದುರಿಗೆ ಎಮ್ಮೆ ನಿಂತಿದ್ರೂ ಗೊತ್ತಾಗಲ್ಲ. ನಿಮ್ಮ ಒಳ್ಳೇದಕ್ಕೆ ಹೇಳ್ದೆ."

ಮಾತು ಮುಗಿಯಿತು. ಆದರೆ ಅವರು ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದರು. ಸ್ವಲ್ಪ ಹೊತ್ತು ಏನೋ ತಡಕಾಡುವ ಸದ್ದು. ಮತ್ತೆ ಅವರದೇ ದನಿ: "ಏ ಇವಳೇ, ನನ್ನ ಕನ್ನಡಕ ಎಲ್ಲಿಟ್ಟೆ?"

ದೂರದಿಂದ ಹೆಂಡತಿಯ ದನಿ: "ನಿಮ್ಮ ತಲೆ ಮೇಲೇ ಇದ್ಯಲ್ರೀ!"

ವಕೀಲರು ಅದನ್ನು ಮೂರು ಸಲ ಕೇಳಿದರು. ಮೂರನೇ ಸಲ ಕೇಳಿದ್ದು ಕೇಸಿಗಲ್ಲ.

ಕಣ್ಣು ಬಂದ ಸುದ್ದಿ

ನೋಟಿಸ್ ಹೋಯಿತು. ಹತ್ತನೇ ದಿನ ಹಳೇ ಯಜಮಾನರೇ ತೀರ್ಥಹಳ್ಳಿಗೆ ಬಂದರು. ಕೋರ್ಟು ಮೆಟ್ಟಿಲು ಹತ್ತುವ ಇಷ್ಟ ಅವರಿಗೂ ಇರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ತಲೆ ತಗ್ಗಿಸಿ ಕೂತು, "ಸಿಟ್ಟಲ್ಲಿ ಹೇಳ್ಬಿಟ್ಟೆ ಕಣಮ್ಮ. ನೀನು ಹೋಗ್ತೀನಿ ಅಂದಾಗ ಕೈ ಮುರ್ದಂಗಾಯ್ತು" ಅಂದರು. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನ ಎದೆಯ ಮೇಲಿದ್ದ ಭಾರ ಇಳಿದೇ ಹೋಯಿತು.

ತಪ್ಪೊಪ್ಪಿಗೆ ಬರೆದರು. ಅನುಭವ ಪತ್ರವನ್ನೂ ಅಲ್ಲೇ ಕೂತು ತಮ್ಮ ಕೈಯಾರೆ ಬರೆದುಕೊಟ್ಟರು. ಅದು ಈಗಲೂ ನನ್ನ ಹತ್ತಿರ ಇದೆ: "ಇವರು ನಮ್ಮಲ್ಲಿ ಒಂಬತ್ತು ವರ್ಷ ಎರಡೂ ಕಣ್ಣುಗಳಿಂದ ತೃಪ್ತಿಕರವಾಗಿ ಕೆಲಸ ಮಾಡಿರುತ್ತಾರೆ."

ಸುದ್ದಿ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ತಿದ್ದುಪಡಿಯೂ ಹೋಗಬೇಕು ಅನ್ನುವುದು ವಕೀಲರ ಷರತ್ತು. ಹಾಗಾಗಿ ಅವತ್ತೇ ಸಂಜೆ ಸ್ಕೂಲಿನ ವಾಟ್ಸಾಪ್ ಗುಂಪಿನಲ್ಲಿ ಅವರು ಹಾಕಿದರು: "ಮೇಡಂ ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಹಿಂದೆ ಹೇಳಿದ್ದಕ್ಕೆ ಕ್ಷಮೆ ಇರಲಿ."

ಮಾರನೇ ದಿನವೇ ನನ್ನ ಕೈಗೆ ಸ್ಟೇರಿಂಗ್ ಬಂತು. ಹೊಸನಗರದ ರಸ್ತೆಯಲ್ಲಿ ಒಬ್ಬರಿಗೆ ಗೇರು ಬದಲಿಸಲು ಹೇಳಿಕೊಡುತ್ತಾ, ಎಷ್ಟೋ ವಾರದ ಮೇಲೆ ಹಗುರಾಗಿ ಉಸಿರಾಡಿದೆ. ಪಾಠ ಮುಗಿಸಿ ಇಳಿದರೆ ಫೋನಿನ ತುಂಬ ಅಭಿನಂದನೆ. ದೇವರು ದೊಡ್ಡವನು ಅಂತ ಒಬ್ಬರು, ಒಂದು ವಾರ ತಲೆಗೆ ನೀರು ಹಾಕ್ಬೇಡಿ ಅಂತ ಇನ್ನೊಬ್ಬರು. ಅಷ್ಟರಲ್ಲಿ ಪರಿಚಯವೇ ಇಲ್ಲದ ಹೆಂಗಸೊಬ್ಬರ ಫೋನು ಬಂತು.

"ಮೇಡಂ, ನಿಮಗೆ ಕಣ್ಣು ಬಂತಂತೆ, ಭಾಳ ಖುಷಿಯಾಯ್ತು. ನಮ್ಮತ್ತೆಗೂ ಎರಡು ವರ್ಷದಿಂದ ಸರಿಯಾಗಿ ಕಾಣಲ್ಲ. ನೀವು ಯಾರ ಹತ್ರ ತೋರ್ಸಿದ್ದು?"

ವಿವರಿಸೋಣ ಅಂತ ಬಾಯಿ ತೆರೆದೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

"ತೀರ್ಥಹಳ್ಳಿಲಿ ವಯಸ್ಸಾದವ್ರು ಒಬ್ರಿದಾರೆ" ಅಂದೆ. "ಆಪರೇಷನ್ ಏನೂ ಬೇಡ, ಬರೀ ಒಂದು ಕಾಗದ ಬರೀತಾರೆ. ಹತ್ತೇ ದಿನ."