ಪುಕ್ಕಲನೊಬ್ಬ ಹಾಡುಗಾರನಾದದ್ದು

ಹೆದರುವವನ ಮನೆ ವಿಳಾಸ ಹೆದರಿಕೆಗೆ ಚೆನ್ನಾಗಿ ಗೊತ್ತಿರುತ್ತದೆ. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವ ನಾನು, ಐವತ್ತರ ಹೊಸ್ತಿಲಲ್ಲಿ ಡ್ರ್ಯಾಗನ್ನುಗಳ ನಡುವೆ ಹೋಗಿ ಬಿದ್ದೆ.

ಯಾರಾಗ್ತೀರಾ?

ನಮ್ಮ ಆಫೀಸಿನ ಮೇಡಂ ಒಬ್ಬರಿಗೆ ಭಾನುವಾರ ಮಧ್ಯಾಹ್ನ ಒಂದು ಆಟ ಆಡಿಸುವ ಹುಚ್ಚು. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಕಥೆ ನಡೆಸುವವರು ಮೇಡಂ. ನಮ್ಮೂರಿನ ರವೀಂದ್ರನಗರದಲ್ಲಿದ್ದ ಅವರ ಮನೆಗೆ ಭದ್ರಾವತಿಯ ನನ್ನ ಗೆಳೆಯ ಎಳೆದುಕೊಂಡು ಹೋದ. ಆಟದಲ್ಲಿ ಅವನು ಆಗಲೇ ಯೋಧನಾಗಿದ್ದ.

'ನೀವು ಯಾರಾಗ್ತೀರಾ ಸರ್?'

'ಸಾಯೋದು ಕಡಿಮೆ ಯಾರು ಮೇಡಂ?'

'ಹಾಡುಗಾರ ಆಗಿ. ಹಿಂದೆ ನಿಂತು ಹಾಡಿ, ಮುಂದಿನವರಿಗೆ ಧೈರ್ಯ ತುಂಬ್ತಾನೆ.'

'ಹಿಂದೆ' ಅನ್ನುವ ಮಾತು ಹಿಡಿಸಿತು. ಕುಳ್ಳರ ಕುಲವೋ, ಯಕ್ಷರ ಕುಲವೋ ಎಂದು ಕೇಳಿದರು. ಗೊತ್ತಿಲ್ಲದ ಜಾತಿ ಯಾಕೆ ಅಂತ ಮನುಷ್ಯನೇ ಇರಲಿ ಎಂದೆ.

'ಸರಿ. ನಿಮ್ಮ ಹಾಡುಗಾರನಿಗೆ ಒಂದು ಭಯ ಇರ್ಬೇಕು. ಏನಿಡೋಣ?'

ನಾನು ಬೆವರು ಒರೆಸಿಕೊಂಡು ಕೇಳಿದೆ: 'ಒಂದೇನಾ?'

ಬಸ್ಸಿನಲ್ಲಿ

ಮುಂದಿನ ಆಟ ಭದ್ರಾವತಿಯಲ್ಲಿ, ಗೆಳೆಯನ ಮನೆಯಲ್ಲಿ. ಹೋಗುವಾಗ ಬಸ್ಸಿನಿಂದ ಮೇಡಂಗೆ ಫೋನ್ ಮಾಡಿದೆ. 'ಇವತ್ತು ನನ್ನ ಕೊಲ್ಲಬೇಡಿ ಮೇಡಂ, ಕೈ ಮುಗೀತೀನಿ. ಬೇಕಿದ್ರೆ ನನ್ನ ಗೆಳೆಯನನ್ನ ಮುಗಿಸಿ.'

ಪಕ್ಕದಲ್ಲಿದ್ದ ಅಜ್ಜಿ ನನ್ನ ತೋಳು ಹಿಡಿದುಕೊಂಡರು. 'ಇಳಿದು ನಮ್ಮನೆಗೆ ಬಂದ್ಬಿಡು ಮಗಾ.'

'ಅಯ್ಯೋ ಅಜ್ಜಿ, ಇದು ಆಟ. ಅವರು ನಮ್ಮ ಆಫೀಸಿನವರು.'

ಅಜ್ಜಿಯ ಹಿಡಿತ ಇನ್ನೂ ಬಿಗಿಯಾಯಿತು. 'ಆಫೀಸಿನವರಾ? ಹಂಗಾದ್ರೆ ಖಂಡಿತ ಕೊಲ್ತಾರೆ.'

ಹಾಡಲೇಬೇಕಾಯಿತು

ಗೆಳೆಯನ ಮನೆಯ ಮೇಜಿನ ಮೇಲೆ ಗುಹೆ ತೆರೆದುಕೊಂಡಿತು. ಯೋಧ ಗಾಯಗೊಂಡು ಬಿದ್ದ. ಡ್ರ್ಯಾಗನ್ ಕಣ್ಣು ಬಿಟ್ಟಿತು. ಮೇಡಂ ದನಿ ತಗ್ಗಿಸಿ, 'ಅದನ್ನ ಮಲಗಿಸೋಕೆ ಹಾಡುಗಾರನಿಂದ ಮಾತ್ರ ಸಾಧ್ಯ. ಹಾಡಿ ಸರ್' ಎಂದರು.

'ಹಾಡಿದೆ ಅಂದ್ರೆ ಸಾಕಲ್ವಾ?'

'ಸಾಲಲ್ಲ. ಹಾಡ್ಬೇಕು.'

ನಾಲ್ಕು ಜನರ ಮುಂದೆ ನಾನು ಯಾವತ್ತೂ ಹಾಡಿದವನಲ್ಲ. ಗೆಳೆಯ, 'ನಾನು ಸಾಯ್ತಿದೀನಿ ಮಾರಾಯ, ಬೇಗ' ಎಂದ. ಕಣ್ಣು ಮುಚ್ಚಿ, ಮಗಳನ್ನು ಮಲಗಿಸಲು ಗುನುಗುತ್ತಿದ್ದ ಜೋಗುಳ ತೆಗೆದೆ. ಭಯಕ್ಕೆ ದನಿ ನಡುಗಿತು, ಮಧ್ಯೆ ಒಡೆಯಿತು, ಆಮೇಲೆ ಎಲ್ಲೋ ಮೇಲಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು.

ಬಾಗಿಲು ಬಡಿದ ಸದ್ದಾಯಿತು. ಮೇಡಂ ಹೋಗಿ ತೆರೆದರು. ಪಕ್ಕದ ಮನೆಯ ತಮಿಳು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು.

'ಅಳೋದು ಕೇಳಿಸ್ತು. ಯಾರು ಹೋದ್ರಪ್ಪಾ? ನೀವು ಒಲೆ ಹಚ್ಚಬೇಡಿ, ರಾತ್ರಿ ಊಟ ನಾನೇ ಕಳಿಸ್ತೀನಿ.'

ನಿಜ ಹೇಳಲು ಬಾಯಿ ತೆರೆದೆ. ಸಾಯುತ್ತಿದ್ದ ಯೋಧ ಮೇಜಿನ ಕೆಳಗೆ ನನ್ನ ಕಾಲು ತುಳಿದು ಪಿಸುಗುಟ್ಟಿದ: 'ಹಾಡ್ತಾ ಇರು. ಅವರ ಮನೆ ಸಾರು ಬಹಳ ಚೆನ್ನಾಗಿರುತ್ತೆ.'