ಬೆಟ್ಟ ಬಂತು, ಹೊಳೆ ಬರಲಿಲ್ಲ

ನಮ್ಮ ಭಾವನ ಕೈಗೆ ದಯವಿಟ್ಟು ಚಿಲ್ಲರೆ ಕೊಡಬೇಡಿ. ಖರ್ಚು ಮಾಡಿಬಿಡುತ್ತಾರೆ ಎಂದಲ್ಲ, ಖರ್ಚೇ ಮಾಡುವುದಿಲ್ಲ ಎಂದು! ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತ ನೋಡುತ್ತ ಇಳಿಯಬೇಕಾದ ಸ್ಟಾಪು ದಾಟಿ ಹೋದವರು ಅವರು. ಒಮ್ಮೆಯಲ್ಲ, ಎಷ್ಟೋ ಸಲ. ಈಗೀಗ ಕಂಡಕ್ಟರುಗಳೇ ಹುಡುಕಿ ನೋಟು ಕೊಟ್ಟು ಕೈ ಮುಗಿಯುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೊಡಗಿನ ಅಮ್ಮತ್ತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದ ಕೂಡಲೇ ಕಥೆ ಬರೆಯುವವರು ಅಂದುಕೊಂಡೀರಿ ಮತ್ತೆ! ಆಳುಗಳ ಹಾಜರಿ ಬರೆಯುವವರು. ಹುಚ್ಚು ಮಾತ್ರ ಸ್ಮರಣಾರ್ಥ ನಾಣ್ಯಗಳದ್ದು. ಕೋಟೆ, ಬೆಟ್ಟ, ಹೊಳೆ, ಹಳೆಯ ಗುಡಿ ಇಂಥವುಗಳ ನೆನಪಿಗೆಂದು ಟಂಕಸಾಲೆಯವರು ಅಚ್ಚು ಹಾಕುತ್ತಾರಲ್ಲ, ಅವು. ಒಂದು ಊರು ನಾಣ್ಯದ ಮೇಲೆ ಬಂದರೆ ಮಾತ್ರ ಅದು ಊರು. ಉಳಿದವೆಲ್ಲ ಬರೀ ಬಸ್ ಸ್ಟಾಪು ಎಂಬುದು ಅವರ ಸಿದ್ಧಾಂತ.

ಅವರ ಜೊತೆ ದಾರಿ ನಡೆದು ನೋಡಿ, ಶತ್ರುವಿಗೂ ಬೇಡ ಆ ಶಿಕ್ಷೆ! ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ಒಂದು ಕಣ್ಣು ಮುಚ್ಚಿ, ಅದರೊಳಗಿಂದ ಗುಡ್ಡ ನೋಡುತ್ತ ನಿಂತುಬಿಡುತ್ತಾರೆ. "ಕೂಸೇ, ಈ ಗುಡ್ಡೆ ಐದ್ ರೂಪಾಯಿಗೆ ಸಾಕ್. ಆಚೆದ್ ನೋಡ್, ಅದಕ್ಕೆ ನೂರಾದರೂ ಕೊಡೊಕು!" ಎಂದು ನಮ್ಮ ಅರೆಭಾಷೆಯಲ್ಲೇ ಬೆಲೆ ಕಟ್ಟುತ್ತಾರೆ. ಕೂಸು ಎಂದರೆ ನಾನು, ಅವರ ನಾದಿನಿ. ಮಾವನ ಮಗಳನ್ನು ನೋಡಲು ಬಂದ ಹುಡುಗನ ಮುಖಕ್ಕೂ ಅದೇ ಉಂಗುರ ಹಿಡಿದು, "ಎದುರಿಂದ ಅಷ್ಟಕ್ಕಷ್ಟೆ. ಸೈಡಿಂದ ನೋಡಿರೆ ಒಳ್ಳೆ ಅಚ್ಚು!" ಎಂದರು. ಪಾಪ, ಆ ಹುಡುಗ ಊಟ ಮುಗಿಯುವ ತನಕ ಎಲ್ಲರಿಗೂ ಕೆನ್ನೆ ತಿರುಗಿಸಿಕೊಂಡೇ ಕೂತಿದ್ದ.

ಇನ್ನು ಒಂದು ಕಡೆ ಕೂರುವುದೇ? ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು! ಶಿರಂಗಾಲದ ಯಾವುದೋ ಅಂಗಡಿಗೆ ಕೋಟೆಯ ಚಿತ್ರದ ನಾಣ್ಯ ಬಂದಿದೆಯಂತೆ ಎಂದು ಯಾರೋ ಫೋನು ಮಾಡಿದ್ದೇ ತಡ, ಅರ್ಧ ಊಟದಲ್ಲಿ ಎದ್ದು ಹೊರಟರು. ಅಷ್ಟು ದೂರ ಹೋದರೆ ಅಂಗಡಿಯವನು, "ಅಯ್ಯೋ, ಅದು ನಡಿಯಲ್ಲ ಅಂತ ಬೆಳಿಗ್ಗೆನೇ ದೇವ್ರ ಹುಂಡಿಗೆ ಹಾಕ್ಬುಟ್ಟೆ ಕಣಣ್ಣ!" ಎಂದನಂತೆ. ಭಾವ ಸುಮ್ಮನೆ ಬರಬೇಕಲ್ಲ? ಗುಡಿಗೆ ಹೋಗಿ, ಹುಂಡಿ ಯಾವಾಗ ತೆಗೆಯುತ್ತೀರಿ ಎಂದು ಪೂಜಾರಿಯನ್ನೇ ವಿಚಾರಿಸಿದರು. ಆ ಸಂಜೆಯೇ ಪೂಜಾರಿ ಗುಡಿಗೆ ಇನ್ನೊಂದು ಬೀಗ ಹಾಕಿದರಂತೆ!

ಅವರ ಜೀವ ಇದ್ದದ್ದು ಒಂದು ಬೆಳ್ಳಿಯ ಜೋಡಿಯ ಮೇಲೆ. ಒಂದರಲ್ಲಿ ಬೆಟ್ಟ, ಇನ್ನೊಂದರಲ್ಲಿ ಹೊಳೆ. ಬೆಟ್ಟದ್ದು ಹೇಗೋ ಕೈಸೇರಿತ್ತು. ಹೊಳೆಯದ್ದು ಎಷ್ಟು ಅಲೆದರೂ ಸಿಗಲಿಲ್ಲ. "ಬೆಟ್ಟ ಬಾತ್, ಹೊಳೆ ಬಾತ್ಲೆ" ಎಂದು ದಿನಕ್ಕೊಮ್ಮೆ ನಿಟ್ಟುಸಿರು. ನಮ್ಮ ಕಡೆ ಕಷ್ಟ ಬಂದಾಗ ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮೂಲೆಯಲ್ಲಿಟ್ಟು, ಆಮೇಲೆ ತಲಕಾವೇರಿಯ ಕೊಳಕ್ಕೆ ಹಾಕುವುದುಂಟು. ಕಟ್ಟಿದ ಮುಡಿಪನ್ನು ಮಧ್ಯೆ ಬಿಚ್ಚಿ ನೋಡುವ ಹಾಗಿಲ್ಲ. ಅಕ್ಕ ಹಾಗೆ ಕಟ್ಟಿದಾಗಲೆಲ್ಲ ಭಾವ ನಗುತ್ತಿದ್ದರು: "ಒಳ್ಳೊಳ್ಳೆ ಕಾಯಿನ್ ಎಲ್ಲ ನೀರಿಗೆ ಹೋದು ಹೀಂಗೇ!"

ಹೀಗಿರುವಾಗ ಅಕ್ಕನ ಕೊರಳಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೈಸೂರಿನ ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿ, ರಿಪೋರ್ಟು ಬರಲಿ, ಆಮೇಲೆ ಹೇಳುತ್ತೇನೆ ಎಂದರು. ನಮಗೆಲ್ಲ ಹಗಲೂ ರಾತ್ರಿ ಅದೇ ಮಾತು. ಭಾವ? ಆ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ! ಮೊದಲಿಗಿಂತ ಹೆಚ್ಚು ತಿರುಗಾಟ. ಮನೆಗೆ ಬಂದರೂ ಅಂಗಳದಿಂದ ಹಿತ್ತಲಿಗೆ, ಹಿತ್ತಲಿಂದ ಅಂಗಳಕ್ಕೆ. ನನಗೋ ಮೈಯೆಲ್ಲ ಉರಿ. ಇದೆಂಥ ಮನುಷ್ಯ ಮಾರಾಯರೆ?

ರಿಪೋರ್ಟು ಬರುವ ಮೊದಲು ತಲಕಾವೇರಿಗೆ ಹೋಗಿ ಬರೋಣ ಎಂದಳು ಅಕ್ಕ. ತುಲಾ ಸಂಕ್ರಮಣದ ಗದ್ದಲ ಕಳೆದಿತ್ತು. ಹೊರಡುವ ಬೆಳಿಗ್ಗೆ ಭಾವ ಮನೆಯನ್ನೆಲ್ಲ ತಲೆಕೆಳಗು ಮಾಡುತ್ತಿದ್ದಾರೆ.

"ಎಂಥ ಹುಡ್ಕುದು ಭಾವ?"

"ಬೆಟ್ಟದ ಕಾಯಿನ್ ಕಾಣ್ತಿಲ್ಲೆ ಕೂಸೇ."

ಹೆಂಡತಿಯ ಕೊರಳಲ್ಲಿ ಗಂಟು, ಇವರಿಗೆ ನಾಣ್ಯದ ಚಿಂತೆ! ನಾನು ಹಲ್ಲು ಕಚ್ಚಿಕೊಂಡು ಜೀಪು ಹತ್ತಿದೆ. ಅಮ್ಮತ್ತಿ ದಾಟುವುದರೊಳಗೆ "ಒಂದ್ಸಲ ನೋಡಿ ಬನ್ನೆ" ಎಂದು ಜೀಪನ್ನು ಮನೆ ಕಡೆ ತಿರುಗಿಸಿದರು. ನಾಪೋಕ್ಲಿನಲ್ಲಿ ಪುನಃ ತಿರುಗಿಸಲು ನೋಡಿದಾಗ ನಾನು ಬೊಬ್ಬೆ ಹಾಕಿದೆ. ಭಾಗಮಂಡಲದ ತನಕ ಸೀಟಿನಲ್ಲಿ ನೆಟ್ಟಗೆ ಕೂರಲಿಲ್ಲ.

ಕೊಳದ ಮೆಟ್ಟಿಲಲ್ಲಿ ನಿಂತು ಅಕ್ಕ ಕಣ್ಣು ಮುಚ್ಚಿದಳು, ಪರ್ಸಿನಿಂದ ಹಳದಿ ಗಂಟೊಂದನ್ನು ತೆಗೆದು ನೀರಿಗೆ ಹಾಕಿದಳು. ಮಂಜು ನೋಡುತ್ತ ಅತ್ತಿತ್ತ ಓಡಾಡುತ್ತಿದ್ದ ಭಾವ ಒಮ್ಮೆಲೇ ಕಿರುಚಿದರು.

"ಅಯ್ಯೋ! ಅದ್ ನಿಂಗೆಲ್ಲಿ ಸಿಕ್ತ್?"

"ದೇವರ ಮೂಲೆಲಿ. ಮನೆಲಿ ಮುಡಿಪು ಕಟ್ಟುದು ನಾನೊಬ್ಬಳೇ ಅಲ್ಲಾ? ಯಾವಾಗಲೋ ಕಟ್ಟಿ ಮರ್ತದ್ ಅಂದ್ಕಂಡೆ" ಎಂದಳು ಅಕ್ಕ.

"ಅದರೊಳಗೆ ನನ್ನ ಬೆಟ್ಟದ ಕಾಯಿನ್ ಇತ್ತ್!"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ನಾಚಿಕೆ ಇಲ್ಲೆನಾ ಭಾವ? ಅಕ್ಕನಿಗಿಂತ ಕಾಯಿನ್ ಹೆಚ್ಚಾತಾ ನಿಮ್ಗೆ? ದೇವರ ಮೂಲೆಲಿ ಬಚ್ಚಿಟ್ಟರೆ ಹೀಂಗೇ ಆಗುದು!"

"ಬಚ್ಚಿಟ್ಟದ್ ಅಲ್ಲ ಕೂಸೇ, ಕಟ್ಟಿಟ್ಟದ್." ಭಾವನ ದನಿ ಇಳಿಯಿತು. "ಇವಳ ಗಂಟ್ ಕೆಟ್ಟದ್ದಾಗದೆ ಇರ್ಲಿ ತೇಳಿ. ಇಂದ್ ನಾನೇ ನೀರಿಗೆ ಹಾಕ್ವನ ಅಂತ ಇದ್ದೆ."

ಮುಡಿಪನ್ನು ಕಂಡರೆ ನಗುವ ಮನುಷ್ಯ ಯಾರಿಗೂ ಕಾಣದ ಹಾಗೆ ಅರಿಶಿನ ಕಲಸಿ, ಬಟ್ಟೆ ಅದ್ದಿ, ತಮ್ಮ ಜೀವವನ್ನೇ ಅದರಲ್ಲಿ ಕಟ್ಟಿಟ್ಟಿದ್ದರು.

"ಹಾಕುವಾಗ ನೀ ಎಂಥ ಬೇಡಿಕಂಡ?" ಎಂದು ಭಾವ ಹೆದರಿ ಹೆದರಿ ಅಕ್ಕನನ್ನು ಕೇಳಿದರು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಗೆ ಆ ಹೊಳೆ ಕಾಯಿನ್ ಸಿಕ್ಕಲಿ ತೇಳಿ."

ಭಾವ ಪ್ಯಾಂಟು ಮಡಚದೆ, ವಾಚು ಬಿಚ್ಚದೆ, ಸೀದಾ ಮೆಟ್ಟಿಲಿಳಿದು ಸೊಂಟದುದ್ದ ನೀರಿನಲ್ಲಿ ನಿಂತು ಕೈ ಮುಗಿದರು.

"ಅಮ್ಮಾ ಕಾವೇರಿ, ಇವಳು ಹೇಳಿದ್ದ್ ಕೇಳ್ಬೇಡ. ಕಾಯಿನ್ ನಂದ್, ಬೇಡಿಕೆನೂ ನಂದೇ. ನಂಗೆ ಹೊಳೆ ಬೇಡ. ಇವಳೊಬ್ಬಳ ಉಳ್ಸಿಕೊಡ್."